ಚೆರ್ರಿ, ಪುಡಿ, ಹೋಂಸ್ಟೇ: ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಹತ್ತು ಎಕರೆ ರೊಬಸ್ಟಾ ತೋಟ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಇಷ್ಟು ವರ್ಷ ಚೆರ್ರಿ ಒಣಗಿಸಿ ಕಣದಿಂದಲೇ ವ್ಯಾಪಾರಿಗೆ ಕೊಡುತ್ತಿದ್ದೆವು. ಈಗ ಮೈದುನ ಪುಡಿ ಮಾಡಿ ನಮ್ಮದೇ ಹೆಸರಲ್ಲಿ ಆನ್‌ಲೈನ್ ಮಾರೋಣ ಅನ್ನುತ್ತಾನೆ. ನನಗೆ ಹಳೇ ಮನೆ ರಿಪೇರಿ ಮಾಡಿಸಿ ಹೋಂಸ್ಟೇ ನಡೆಸುವ ಆಸೆ. ಯಜಮಾನರು ಇದ್ದ ಹಾಗೇ ಇರಲಿ ಅನ್ನುತ್ತಾರೆ. ಮೂವರೂ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆವು. ಅವರವರ ಶೀಟಿನಲ್ಲಿ ಅವರವರದ್ದೇ ಲಾಭ ಜಾಸ್ತಿ! ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು "ಬಿಸಿನೆಸ್ ಮಾಡೆಲ್ ಆಂಟಾಲಜಿ ಅಂತ ಇದೆ, ಅದರಲ್ಲಿ ಬರೆದರೆ ಹೋಲಿಸಬಹುದು" ಅಂದಳು. ಏನು ಸರ್ ಇದು? ಟ್ರೈನಿಂಗ್‌ಗಳಲ್ಲಿ ಗೋಡೆಗೆ ಅಂಟಿಸುವ ಒಂಬತ್ತು ಡಬ್ಬಿಯ ಕ್ಯಾನ್ವಾಸ್ ಅದೇ ಅಲ್ವಾ? ಸಾಫ್ಟ್‌ವೇರ್ ಏನಾದರೂ ಬೇಕಾ?

ಉತ್ತರ: ಮೇಡಂ, ಮೊದಲು ಆ ಮೂರು ಶೀಟ್ ತೆಗೆದು "ಕೆಜಿ" ಅಂತ ಎಲ್ಲೆಲ್ಲಿ ಬರೆದಿದ್ದೀರಿ ನೋಡಿ. ಯಜಮಾನರ ಶೀಟಿನ ಕೆಜಿ ಒಣಗಿದ ಚೆರ್ರಿಯದ್ದು. ಮೈದುನರ ಶೀಟಿನದ್ದು ಪುಡಿಯ ಕೆಜಿ. 50 ಕೆಜಿ ಚೆರ್ರಿ ಚೀಲಕ್ಕೆ ಔಟ್‌ಟರ್ನ್ 26 ಬಂತು ಅಂದುಕೊಳ್ಳಿ, ಕೈಗೆ ಸಿಗುವ ಬೀಜ 26 ಕೆಜಿ. ಅದನ್ನು ಹುರಿದರೆ ನೂರಕ್ಕೆ 15ರಿಂದ 20 ಭಾಗ ತೂಕ ಹಾರಿಹೋಗುತ್ತದೆ. ಪುಡಿ ಆಗುವುದು 21–22 ಕೆಜಿ. ಚಿಕೋರಿ ಸೇರಿಸಿದರೆ ಮತ್ತೆ ಲೆಕ್ಕ ಬೇರೆ. ಇಬ್ಬರೂ "ಒಂದು ಕೆಜಿಗೆ ಇಷ್ಟು ಲಾಭ" ಅಂತ ಬರೆದಿದ್ದರೆ, ಇಬ್ಬರೂ ಸುಳ್ಳು ಹೇಳಿಲ್ಲ, ಆದರೆ ಮಾತಾಡುತ್ತಿರುವುದು ಒಂದೇ ವಸ್ತುವಿನ ಬಗ್ಗೆಯೂ ಅಲ್ಲ.

ಹಾಗೇ "ಗಿರಾಕಿ" ಅನ್ನುವ ಪದ ಹುಡುಕಿ. ಯಜಮಾನರಿಗೆ ಗಿರಾಕಿ ಅಂದರೆ ವರ್ಷಕ್ಕೆ ಎರಡು ಸಲ ಲಾರಿ ಕಳಿಸುವ ವ್ಯಾಪಾರಿ. ನಿಮಗೆ? ರೂಮಿಗೆ ಬರುವ ಸಂಸಾರವೋ, ಅವರನ್ನು ಕಳಿಸಿ ಕಮಿಷನ್ ಹಿಡಿದುಕೊಳ್ಳುವ ಬುಕಿಂಗ್ ಆ್ಯಪ್ಪೋ? "ಖರ್ಚು" ಅಂತೂ ಇನ್ನೂ ಚೆನ್ನಾಗಿರುತ್ತದೆ. ನಿಮ್ಮ ಶೀಟಿನಲ್ಲಿ ಹಳೇ ಮನೆಗೆ ಸೊನ್ನೆ ಹಾಕಿರುತ್ತೀರಿ, ಹೇಗೂ ಇದೆಯಲ್ಲ ಅಂತ. ಯಜಮಾನರು ಆಳುಗಳ ಲೈನ್ ಮನೆಯ ಹೆಂಚಿನವರೆಗೆ ಎಲ್ಲವನ್ನೂ ಬರೆದಿರುತ್ತಾರೆ. ಪದ ಒಂದೇ, ಅರ್ಥ ಮೂರು ಇರುವಾಗ ಮೂವರೂ ಗೆಲ್ಲದೆ ಇನ್ನೇನು?

ಆಂಟಾಲಜಿ ಬಗೆಹರಿಸಲು ಹೊರಡುವುದು ಇದನ್ನೇ. ಪದ ಬಂದಿದ್ದು ತತ್ವಶಾಸ್ತ್ರದಿಂದ, ಜಗತ್ತಿನಲ್ಲಿ ಏನೇನು ಇದೆ ಅನ್ನುವ ವಿಚಾರ ಅಲ್ಲಿಯದ್ದು. ಕಂಪ್ಯೂಟರ್‌ನವರು ಅದನ್ನು ಎರವಲು ತಂದರು. 1993ರಲ್ಲಿ ಟಾಮ್ ಗ್ರೂಬರ್ ಕೊಟ್ಟ ವಿವರಣೆಯನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಈ ವಿಷಯದಲ್ಲಿ ಯಾವ್ಯಾವ ವಸ್ತು, ಯಾವ್ಯಾವ ಸಂಬಂಧ ಇದೆ ಅಂತ ನಾವು ಮನಸ್ಸಿನಲ್ಲಿ ಅಂದುಕೊಂಡಿರುವುದನ್ನು ಯಾರೂ ಊಹೆ ಮಾಡಬೇಕಾಗದ ಹಾಗೆ ಬಿಡಿಸಿ ಬರೆಯುವುದು. ಡಿಕ್ಷನರಿ ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಆಂಟಾಲಜಿ ಒಂದು ಹೆಜ್ಜೆ ಮುಂದೆ ಹೋಗಿ ಪದಗಳ ನಡುವಿನ ನಂಟನ್ನೂ ಕಟ್ಟುತ್ತದೆ. ಆದಾಯ ಅಂತ ಒಂದು ಬರೆದರೆ, ಅದು ಯಾವ ಗಿರಾಕಿಯಿಂದ, ಯಾವ ಕೊಡುಗೆಗೆ (ಅಂದರೆ ನೀವು ಕೊಡುವ ಮಾಲಿಗೋ ಸೇವೆಗೋ) ಬಂತು ಅಂತ ಎರಡು ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ಆ ಆದಾಯವನ್ನು ಒಳಗೆ ಬಿಡುವುದಿಲ್ಲ.

ಕ್ಯಾನ್ವಾಸ್ ಅದೇ ಅಲ್ವಾ ಅಂತ ಕೇಳಿದ್ದೀರಿ. ಅದರ ಮಗು ಅನ್ನಬಹುದು. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ 2004ರಲ್ಲಿ ಪಿಎಚ್‌ಡಿ ಮುಗಿಸಿದ್ದೇ ಬಿಸಿನೆಸ್ ಮಾಡೆಲ್ ಆಂಟಾಲಜಿ ಮೇಲೆ, ಗೈಡ್ ಈವ್ ಪಿನ್ಯೂರ್. ಅದರಲ್ಲಿ ನಾಲ್ಕು ಮುಖ ಇವೆ: ಏನು ಕೊಡುತ್ತೀರಿ, ಯಾರಿಗೆ ಕೊಡುತ್ತೀರಿ, ಹೇಗೆ ಮಾಡುತ್ತೀರಿ, ದುಡ್ಡಿನ ಕಥೆ ಏನು. ಈ ನಾಲ್ಕರೊಳಗೆ ಒಂಬತ್ತು ಅಂಶ. ಕೆಲವು ವರ್ಷ ಆದ ಮೇಲೆ ಇದೇ ಒಂಬತ್ತು, ಸ್ವಲ್ಪ ಹೆಸರು ಬದಲಾಯಿಸಿಕೊಂಡು, ಕ್ಯಾನ್ವಾಸ್ ಆಗಿ ಪುಸ್ತಕದ ಮೂಲಕ ಲೋಕಕ್ಕೆಲ್ಲ ಹಬ್ಬಿತು. ಮೂಲದಲ್ಲಿ ಪ್ರತಿಯೊಂದು ಅಂಶಕ್ಕೂ ಇನ್ನೊಂದರ ಜೊತೆ ಏನು ಸಂಬಂಧ, ಎಷ್ಟಕ್ಕೆ ಎಷ್ಟು, ಅಂತ ಬರೆದಿತ್ತು. ಗೋಡೆಗೆ ಬರುವ ಹೊತ್ತಿಗೆ ಡಬ್ಬಿಗಳು ಉಳಿದವು, ಗೆರೆಗಳು ಹೋದವು. ಹಾಗಾಗಿ ಚಾರ್ಟಿನ ಒಂದು ಡಬ್ಬಿಯಲ್ಲಿ "ಗುಣಮಟ್ಟ", ಇನ್ನೊಂದರಲ್ಲಿ "ನಂಬಿಕೆ" ಅಂತ ಬಣ್ಣದ ಚೀಟಿ ಅಂಟಿಸಿ, ಚಪ್ಪಾಳೆ ತಟ್ಟಿಸಿಕೊಂಡು, ಊಟ ಮಾಡಿ ಮನೆಗೆ ಹೋಗಬಹುದು. ಅಂಥ ಊಟ ನಾನೂ ಬೇಕಾದಷ್ಟು ಮಾಡಿದ್ದೇನೆ. ಒಂದು ವ್ಯಾಪಾರವನ್ನು ಯೋಚಿಸಿ ನೋಡಲು ಕ್ಯಾನ್ವಾಸ್ ಒಳ್ಳೆಯದೇ. ಎರಡನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಗೆರೆಗಳು ಬೇಕು.

ಗೆರೆಗಳ ವಿಷಯಕ್ಕೆ ಇನ್ನಿಬ್ಬರ ಕೆಲಸ ನನಗೆ ಜಾಸ್ತಿ ಇಷ್ಟ. ಆಮ್‌ಸ್ಟರ್‌ಡ್ಯಾಮ್‌ನ ಯಾಪ್ ಗೋರ್ಡೈನ್ ತಮ್ಮ 2002ರ ಪಿಎಚ್‌ಡಿಯಲ್ಲಿ ಇ3ವ್ಯಾಲ್ಯೂ ಅನ್ನುವ ಆಂಟಾಲಜಿ ಮಾಡಿದರು. ಅಲ್ಲಿ ಡಬ್ಬಿಗಿಂತ ಬಾಣ ಮುಖ್ಯ. ಯಾರು ಯಾರಿಗೆ ಏನು ಕೊಟ್ಟರು, ಬದಲಿಗೆ ಏನು ಬಂತು. ಒಂದು ಬಾಣ ಹೊರಗೆ ಹೋದರೆ ಒಂದು ಒಳಗೆ ಬರಲೇಬೇಕು, ಪುಕ್ಕಟೆ ಬಾಣಕ್ಕೆ ಜಾಗ ಇಲ್ಲ. ಅದಕ್ಕೂ ಎಷ್ಟೋ ಮುಂಚೆ, 1982ರಲ್ಲಿ, ಅಮೆರಿಕದ ವಿಲಿಯಂ ಮೆಕಾರ್ಥಿ ಲೆಕ್ಕಪತ್ರದ ಕಡೆಯಿಂದ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು: ವಸ್ತು, ಘಟನೆ, ವ್ಯಕ್ತಿ, ಈ ಮೂರರಲ್ಲಿ ಇಡೀ ವ್ಯಾಪಾರ ಬರೆಯಬಹುದು, ಪ್ರತಿ ಕೊಡುವ ಘಟನೆಗೂ ಒಂದು ತೆಗೆದುಕೊಳ್ಳುವ ಘಟನೆ ಜೋಡಿ ಇರಬೇಕು. ಇದನ್ನು ಇಂಗ್ಲಿಷಿನ ಮೊದಲ ಅಕ್ಷರ ಹಿಡಿದು ಆರ್‌ಇಎ ಅನ್ನುತ್ತಾರೆ.

ಬಾಣ ಯಾಕೆ ಮುಖ್ಯ ಅಂತ ನಮ್ಮ ಕಾಫಿಯಲ್ಲೇ ತೋರಿಸುತ್ತೇನೆ. ನಿಮ್ಮ ಮಾವನವರ ಕಾಲದಲ್ಲಿ ಪೂಲ್ ಇತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ಮನೆ ಬಳಕೆಗೆ, ಬಿತ್ತನೆಗೆ ಬೇಕಾದ್ದು ಬಿಟ್ಟು ಮಿಕ್ಕ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. 1990ರ ದಶಕದ ಮೊದಲ ಅರ್ಧದಲ್ಲಿ ಅದು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಈಗ ಪೂಲ್ ಕಾಲದ ತೋಟಕ್ಕೆ ಒಂದು ಕ್ಯಾನ್ವಾಸ್, ಈಗಿನ ತೋಟಕ್ಕೆ ಒಂದು ಕ್ಯಾನ್ವಾಸ್ ಬರೆಯಿರಿ. ಅದೇ ಗಿಡ, ಅದೇ ಆಳು, ಅದೇ ಗೊಬ್ಬರ, ಅದೇ ಕಣ. ಗಿರಾಕಿ ಡಬ್ಬಿಯಲ್ಲಿ "ಮಂಡಳಿ" ಹೋಗಿ "ವ್ಯಾಪಾರಿ" ಬಂತು, ಅಷ್ಟೇ ವ್ಯತ್ಯಾಸ ಕಾಣುತ್ತದೆ. ಬಾಣ ಎಳೆದು ನೋಡಿ ಈಗ. ಆಗ ಕಾಫಿ ಕೊಟ್ಟ ದಿನ ಸ್ವಲ್ಪ ದುಡ್ಡು, ಆಮೇಲೆ ಮಂಡಳಿ ಮಾರಿದ ಹಾಗೆಲ್ಲ ಕಂತುಕಂತಾಗಿ ಉಳಿದದ್ದು. ಬೆಲೆ ಏರಿದರೂ ಇಳಿದರೂ ಎಲ್ಲರ ಕಾಫಿ ಕಲೆತು ಎಲ್ಲರಿಗೂ ಹಂಚಿಕೆ. ಈಗ ಒಂದು ದಿನ, ಒಂದು ರೇಟು, ಒಂದು ಲೋಡು. ಇವತ್ತು ಕೊಟ್ಟು ನಾಳೆ ಲಂಡನ್ ಮಾರ್ಕೆಟ್‌ನಲ್ಲಿ ರೊಬಸ್ಟಾ ಏರಿದರೆ ನೀವೊಬ್ಬರೇ ಕೈ ಹಿಸುಕಿಕೊಳ್ಳಬೇಕು. ಅಂದರೆ ಪೂಲ್ ಬೆಳೆಗಾರನಿಂದ ಕಾಫಿಯ ಜೊತೆಗೆ ಬೆಲೆಯ ಆತಂಕದ ಒಂದು ಪಾಲನ್ನೂ ತೆಗೆದುಕೊಳ್ಳುತ್ತಿತ್ತು, ಬದಲಿಗೆ ಯಾವಾಗ, ಯಾರಿಗೆ ಮಾರಬೇಕು ಅನ್ನುವ ಸ್ವಾತಂತ್ರ್ಯವನ್ನೂ ತೆಗೆದುಕೊಳ್ಳುತ್ತಿತ್ತು. ಡಬ್ಬಿಯಲ್ಲಿ ಇದು ಕಾಣುವುದೇ ಇಲ್ಲ. ಇನ್ನು ವ್ಯಾಪಾರಿಯಿಂದ ಮಳೆಗಾಲದಲ್ಲೇ ಅಡ್ವಾನ್ಸ್ ತೆಗೆದುಕೊಂಡಿದ್ದರೆ ಅದು ಬೇರೆಯೇ ಬಾಣದ ಜೋಡಿ: ಈಗ ದುಡ್ಡು, ಮುಂದೆ ಫಸಲು. ಅದನ್ನು ಕಾಫಿ ಮಾರಾಟದ ಜೊತೆ ಬೆರೆಸಿ ಒಂದೇ ಸಾಲಿನಲ್ಲಿ ಬರೆದರೆ, ನೀವು ಕಟ್ಟುತ್ತಿರುವ ಬಡ್ಡಿ ಕಡಿಮೆ ರೇಟಿನ ವೇಷ ಹಾಕಿಕೊಂಡು ಒಳಗೆ ಕೂತಿರುತ್ತದೆ.

ಇನ್ನೊಂದು ಸೂಕ್ಷ್ಮ. ಬಾಣ ಎಳೆಯುವಾಗ ವಸ್ತು ಕೈ ಬದಲಾಯಿಸಿತೋ, ಒಡೆತನವೂ ಬದಲಾಯಿತೋ, ಕೇಳಿಕೊಳ್ಳಿ. ವ್ಯಾಪಾರಿಯ ಲಾರಿಗೆ ಹಾಕಿದರೆ ಕಾಫಿ ಅವನದ್ದು. ಸಿಪ್ಪೆ ತೆಗೆದು ಬೀಜ ಮಾಡಿಕೊಡುವ ಕ್ಯೂರಿಂಗ್ ವರ್ಕ್ಸ್‌ಗೆ ಚಾರ್ಜ್ ಕೊಟ್ಟು ಹಾಕಿದರೆ ಇನ್ನೂ ನಿಮ್ಮದೇ, ಅವರು ಇಟ್ಟುಕೊಂಡಿರುವುದಷ್ಟೇ. ಮೈದುನರ ಪುಡಿ ವ್ಯಾಪಾರದಲ್ಲಿ ಕ್ಯೂರಿಂಗ್, ಹುರಿಯುವವರು, ಪ್ಯಾಕ್ ಮಾಡುವವರು, ಕೊರಿಯರ್, ಇಷ್ಟೂ ಕೈ ದಾಟುವವರೆಗೆ ಮಾಲು ನಿಮ್ಮದೇ ಆಗಿರುತ್ತದೆ. ದಾರಿಯಲ್ಲಿ ಹಾಳಾದರೆ ನಷ್ಟವೂ ನಿಮ್ಮದು.

ಹಾಸನದಲ್ಲಿ ಪಾಠ ಮಾಡುವಾಗ ನಾನು ಹುಡುಗರಿಗೆ ಕೊಡುತ್ತಿದ್ದ ಉದಾಹರಣೆ ಹಾಲಿನದ್ದು. ಊರಿನ ಡೇರಿಗೆ ಬೆಳಿಗ್ಗೆ ಹಾಲು ಹಾಕುವ ಹೆಂಗಸು ಯಾರು? ಕ್ಯಾನ್ವಾಸ್ ಬರೆಯಿರಿ ಅಂದರೆ ಎಲ್ಲರೂ "ಪೂರೈಕೆದಾರ" ಅಂತ ಬರೆದು ಮುಗಿಸುತ್ತಿದ್ದರು. ಆದರೆ ಆಕೆ ಸಂಘದ ಸದಸ್ಯೆ. ಊರಿನ ಸಂಘ ಸೇರಿ ಜಿಲ್ಲಾ ಒಕ್ಕೂಟ, ಒಕ್ಕೂಟಗಳು ಸೇರಿ ನಂದಿನಿ ಹೆಸರಿನ ಮಹಾಮಂಡಳ. ಹಾಗೆ ನೋಡಿದರೆ ಆಕೆ ಸಣ್ಣ ಮಾಲೀಕಳೂ ಹೌದು. ಒಕ್ಕೂಟದ ಪಶು ಆಹಾರ ಕೊಳ್ಳುವಾಗ ಅವಳೇ ಗಿರಾಕಿ. ಒಬ್ಬಳೇ ವ್ಯಕ್ತಿ, ಮೂರು ಪಾತ್ರ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ಕೊಡುವ ಹಾಲಿನ ದುಡ್ಡು ಒಂದು ಬಾಣ, ಲಾಭ ಬಂದ ವರ್ಷ ಸಂಘ ಹಂಚುವ ಬೋನಸ್ ಬೇರೆ ಬಾಣ, ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಬೇರೆಯೇ ಕಡೆಯಿಂದ ಬರುವ ಬಾಣ. ಮೂರನ್ನೂ ಕಲೆಸಿ "ಲೀಟರಿಗೆ ಇಷ್ಟು" ಅಂದು, ಪಕ್ಕದ ಬೀದಿಯ ಖಾಸಗಿ ಡೇರಿಯ ಬೆಲೆಯ ಜೊತೆ ಹೋಲಿಸುವುದು ನಮ್ಮ ಕಡೆ ದಿನಾ ನಡೆಯುವ ಜಗಳ. ವ್ಯಕ್ತಿಯನ್ನೂ ಪಾತ್ರವನ್ನೂ ಬೇರೆ ಬೇರೆ ಬರೆಯುವ ಅಭ್ಯಾಸ ಮಾಡಿಕೊಂಡರೆ ಅರ್ಧ ಜಗಳ ನಿಲ್ಲುತ್ತದೆ.

ನಾನು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಸಕಲೇಶಪುರ ಕಡೆಯ ಕೆಲವು ಬೆಳೆಗಾರರಿಗೆ ಇಂಥದ್ದೇ ಒಂದು ಮಾಡಿಕೊಡಲು ಹೋಗಿದ್ದೆ. ಎರಡು ತಿಂಗಳು ಕೂತು ಇನ್ನೂರಕ್ಕೂ ಜಾಸ್ತಿ ಪದ ಸೇರಿಸಿದೆ. ಅರೇಬಿಕಾ ಪಾರ್ಚ್‌ಮೆಂಟಿನ ಗ್ರೇಡುಗಳು, ನೆರಳಿನ ಮರದ ಜಾತಿ, ಏನುಂಟು ಏನಿಲ್ಲ! ತೋರಿಸಿದ ದಿನ ಒಬ್ಬ ಹಿರಿಯರು ಎಲ್ಲ ಕೇಳಿಸಿಕೊಂಡು "ಚೀಲ ಯಾರದ್ದು ಅಂತ ಎಲ್ಲಿ ಬರೆದಿದ್ದೀರಿ?" ಅಂದರು. ಗೋಣಿಚೀಲ ಬೆಳೆಗಾರನದ್ದೋ ವ್ಯಾಪಾರಿಯದ್ದೋ, ವಾಪಸ್ ಬರುತ್ತದೋ ಇಲ್ಲವೋ, ಅದರ ತೂಕ ಯಾರ ಲೆಕ್ಕದಿಂದ ಕಳೆಯುತ್ತಾರೆ, ಅವರು ಇಬ್ಬರು ವ್ಯಾಪಾರಿಗಳನ್ನು ಹೋಲಿಸುತ್ತಿದ್ದದ್ದೇ ಅದರ ಮೇಲೆ. ನನ್ನ ಇನ್ನೂರು ಪದದಲ್ಲಿ ಚೀಲ ಇರಲಿಲ್ಲ.

ತಪ್ಪು ಎಲ್ಲಿ ಆಯಿತು ಅಂದರೆ, ನಾನು ಪದದಿಂದ ಶುರು ಮಾಡಿದ್ದೆ. ಪ್ರಶ್ನೆಯಿಂದ ಶುರು ಮಾಡಬೇಕಿತ್ತು. ಟೊರಾಂಟೊದ ಮೈಕೆಲ್ ಗ್ರೂನಿಂಗರ್, ಮಾರ್ಕ್ ಫಾಕ್ಸ್ 1995ರಲ್ಲೇ ಹೇಳಿದ್ದರು, ಆಂಟಾಲಜಿ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ, ಆ ಉತ್ತರಕ್ಕೆ ಎಷ್ಟು ಬೇಕೋ ಅಷ್ಟೇ ಪದ ಸೇರಿಸಿ ಅಂತ. ಪುಸ್ತಕದಲ್ಲಿ ಓದಿ ಪಾಠವನ್ನೂ ಮಾಡಿದ್ದೆ, ಮಾಡುವಾಗ ಮರೆತಿದ್ದೆ. ನೀವು ಮೂವರೂ ಕೂತು, ಸಂಜೆ ಕಾಫಿ ಹೊತ್ತಿಗೆ, ತಲಾ ಮೂರು ನಾಲ್ಕು ಪ್ರಶ್ನೆ ಬರೆಯಿರಿ. ಮಾಲು ಕೈಬಿಟ್ಟು ಎಷ್ಟು ದಿನಕ್ಕೆ ದುಡ್ಡು ಬರುತ್ತದೆ? ಕಣದಲ್ಲಿ ಕಾಫಿ ಇದ್ದಾಗ ಅಕಾಲದ ಮಳೆ ಬಂದರೆ ನಷ್ಟ ಯಾರ ಪಾಲಿಗೆ? ನಾನು ಎರಡು ವಾರ ಹಾಸಿಗೆ ಹಿಡಿದರೆ ಯಾವ ವ್ಯಾಪಾರ ನಿಲ್ಲುತ್ತದೆ? ಒಬ್ಬನೇ ಗಿರಾಕಿ ಕೈಕೊಟ್ಟರೆ ವರ್ಷದ ಆದಾಯದಲ್ಲಿ ಎಷ್ಟು ಹೋಗುತ್ತದೆ? ಯಾರ ಪರ್ಮಿಷನ್ ಬೇಕು? ಕೊನೆಯದು ಸಣ್ಣದು ಅನ್ನಿಸಬಹುದು, ಆದರೆ ಪುಡಿ ಮಾರಲು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ, ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಇವೂ ಚಿತ್ರದಲ್ಲಿ ಒಬ್ಬೊಬ್ಬ ವ್ಯಕ್ತಿಯ ಜಾಗದಲ್ಲೇ ಬರಬೇಕು.

ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ, ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮೂರು ವ್ಯಾಪಾರವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ, ಬೇರೆ ಬೇರೆ ಹಾಳೆ ಬೇಡ. ನಿಮ್ಮ ಮನೆಯ ವಿಷಯದಲ್ಲಿ ನಿಜವಾದ ಲಾಭ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಮೂರು ಶೀಟ್ ಮಾಡಿದಾಗ ಪ್ರತಿಯೊಬ್ಬರೂ ಇಡೀ ತೋಟ, ಇಡೀ ಮನೆ, ಎಲ್ಲ ಆಳು ತನಗೊಬ್ಬರಿಗೇ ಸಿಕ್ಕಿತು ಅಂತ ಲೆಕ್ಕ ಹಾಕಿರುತ್ತಾರೆ. ಒಂದೇ ಹಾಳೆಯಲ್ಲಿ ಒಂದು ವಸ್ತುವನ್ನು ಒಂದೇ ಸಲ ಬರೆಯಬೇಕು, ಅದನ್ನು ಬಳಸುವವರೆಲ್ಲ ಅಲ್ಲಿಗೇ ಗೆರೆ ಎಳೆಯಬೇಕು. ಆಗ ಕೆಲವು ವಸ್ತುಗಳ ಮೇಲೆ ಗೆರೆ ಗುಂಪುಗಟ್ಟುತ್ತದೆ. ಉದಾಹರಣೆಗೆ ಕೆರೆ. ಹೂಮಳೆ ಕೈಕೊಟ್ಟರೆ ಫೆಬ್ರವರಿ–ಮಾರ್ಚಿನಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು, ಕೆರೆ ತಳ ಕಾಣುತ್ತದೆ. ನಿಮ್ಮ ಹೋಂಸ್ಟೇ ಫೋಟೋದಲ್ಲಿ ಅದೇ ಕೆರೆ ತುಂಬಿ ತುಳುಕುತ್ತಿರುತ್ತದೆ. ಇನ್ನೊಂದು ಕಣ. ಜನವರಿಯಿಂದ ಚೆರ್ರಿ ಹರಡಲು ಅದು ಬೇಕು. ಬೆಂಗಳೂರಿನಿಂದ ಬಂದವರಿಗೆ ಕ್ಯಾಂಪ್‌ಫೈರ್ ಹಾಕಲು ಸಮತಟ್ಟಾದ ಜಾಗ ತೋಟದಲ್ಲಿ ಅದೊಂದೇ! ಅಡುಗೆಮನೆಯಲ್ಲಿ ಕೆಲಸದ ಹೊತ್ತು ಯಾರದ್ದು ಅಂತಲೂ ಬರೆಯಿರಿ. ಅತ್ತೆಯವರ ಅಕ್ಕಿರೊಟ್ಟಿ ನಿಮ್ಮ ಹೋಂಸ್ಟೇಯ ಮುಖ್ಯ ಕೊಡುಗೆ ಆಗಿದ್ದು, ಖರ್ಚಿನ ಕಡೆ ಅವರ ಹೆಸರೇ ಇಲ್ಲದಿದ್ದರೆ ಅದು ಪುಕ್ಕಟೆ ಬಾಣ.

ಗೆರೆಗಳು ಜಗಳವನ್ನೇ ತೋರಿಸುತ್ತವೆ ಅಂತೇನಿಲ್ಲ. ರೂಮಿಗೆ ಬಂದವರು ಹೋಗುವಾಗ ಪುಡಿ ಕೇಳುತ್ತಾರೆ, ಇದು ನಿಮ್ಮ ಕಡೆ ಎಲ್ಲ ಹೋಂಸ್ಟೇಯವರಿಗೂ ಗೊತ್ತು. ಅಂದರೆ ನಿಮ್ಮ ಹೋಂಸ್ಟೇ ಒಂದು ಕೊಡುಗೆ, ಜೊತೆಗೆ ಮೈದುನರ ಪುಡಿಗೆ ಮಾರಾಟದ ದಾರಿ. ತಿಂಗಳಿಗೆ 20 ಮಂದಿ ತಲಾ ಅರ್ಧ ಕೆಜಿ ಒಯ್ದರು ಅಂದುಕೊಳ್ಳಿ, ವರ್ಷಕ್ಕೆ 120 ಕೆಜಿ. ಮೇಲೆ ಹೇಳಿದ ಲೆಕ್ಕದಲ್ಲಿ ಚಿಕೋರಿ ಇಲ್ಲದೆ ಅದಕ್ಕೆ ಆರು ಚೀಲ ಚೆರ್ರಿ ಸಾಕು. ನಿಮ್ಮ ಹತ್ತು ಎಕರೆ ಫಸಲಿನಲ್ಲಿ ಆರು ಚೀಲ ಎಷ್ಟರದ್ದು ಅಂತ ನಿಮಗೇ ಗೊತ್ತು. ಉಳಿದದ್ದು ಯಜಮಾನರ ವ್ಯಾಪಾರಿಗೇ ಹೋಗಬೇಕು. ಮೂರರಲ್ಲಿ ಒಂದನ್ನು ಆರಿಸುವ ಪ್ರಶ್ನೆ ನಿಮ್ಮದಾಗಿತ್ತು. ಹಾಳೆಯಲ್ಲಿ ನೋಡಿದರೆ, ಯಾವುದನ್ನು ಎಷ್ಟರ ಮಟ್ಟಿಗೆ, ಯಾವ ತಿಂಗಳಿನಲ್ಲಿ ಅನ್ನುವ ಪ್ರಶ್ನೆ ಆಗುತ್ತದೆ. ಮೈದುನರು ದೇಶಕ್ಕೆಲ್ಲ ಕೊರಿಯರ್ ಮಾಡುವ ಕನಸನ್ನು ಹಾಳೆಗೆ ಹಾಕಿದರೆ ಬಾಣಗಳು ಬೇರೆಯೇ ಆಗುತ್ತವೆ, ಜಾಹೀರಾತಿನವರೇ ದೊಡ್ಡ ಪಾಲು ತೆಗೆದುಕೊಳ್ಳುವ ವ್ಯಾಪಾರ ಅದು. ಬೇಡ ಅಂತ ಹೇಳುವುದಿಲ್ಲ, ಆದರೆ ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.

ಸಾಫ್ಟ್‌ವೇರ್ ವಿಷಯ. ಸ್ಟ್ಯಾನ್‌ಫರ್ಡ್‌ನವರ ಪ್ರೊಟೆಜೆ ಅಂತ ಇದೆ, ಪುಕ್ಕಟೆ. ಒಳಗೆ ಬಳಸುವುದು ಓಡಬ್ಲ್ಯುಎಲ್ ಅನ್ನುವ ಭಾಷೆ, 2004ರಿಂದ ವೆಬ್‌ಗೆ ನಿಯಮ ಮಾಡುವ ಡಬ್ಲ್ಯು3ಸಿ ಸಂಸ್ಥೆಯ ಸ್ಟ್ಯಾಂಡರ್ಡ್. ನಿಮ್ಮ ಮಗಳಿಗೆ ಒಂದು ಶನಿವಾರ ಸಾಕು ಕಲಿಯಲು. ಆದರೆ ಒಂದು ತೋಟ, ಮೂರು ವ್ಯಾಪಾರಕ್ಕೆ ಅದು ಬೇಡವೇ ಬೇಡ. ಐವತ್ತು ತೋಟದವರು ಸೇರಿ ಒಂದು ರೈತ ಉತ್ಪಾದಕ ಕಂಪನಿ ಮಾಡಿಕೊಂಡು, ಎಲ್ಲರ ವ್ಯಾಪಾರವನ್ನೂ ಒಂದೇ ರೀತಿ ಬರೆದು, "ಅಡ್ವಾನ್ಸ್ ತೆಗೆದುಕೊಂಡವರು ಯಾರು, ಅವರಲ್ಲಿ ಸ್ವಂತ ಕಣ ಇಲ್ಲದವರು ಯಾರು" ಅಂತ ಕೇಳುವ ಕಾಲ ಬಂದರೆ ಆಗ ಖಂಡಿತ ಬೇಕು. ಮಗಳು ಹಟ ಮಾಡಿ ಮಾಡಿದರೆ ಎರಡು ಎಚ್ಚರಿಕೆ. ಎಕ್ಸೆಲ್‌ನಲ್ಲಿ ಖಾಲಿ ಬಿಟ್ಟರೆ ನಾವು "ಇಲ್ಲ" ಅಂತ ಓದಿಕೊಳ್ಳುತ್ತೇವೆ. ಓಡಬ್ಲ್ಯುಎಲ್ ಹಾಗೆ ಓದುವುದಿಲ್ಲ. ಬರೆಯದೇ ಇದ್ದದ್ದು ಅದಕ್ಕೆ "ಗೊತ್ತಿಲ್ಲ", ಅಷ್ಟೇ. ಅಡ್ವಾನ್ಸ್ ಇಲ್ಲದ ತೋಟ ಯಾವುದು ಅಂತ ಕೇಳಿದರೆ, ಇಲ್ಲ ಅಂತ ಬಾಯಿಬಿಟ್ಟು ಹೇಳಿರದ ಹೊರತು ಒಂದನ್ನೂ ತೋರಿಸುವುದಿಲ್ಲ, ಆಗ ಸಾಫ್ಟ್‌ವೇರ್ ಕೆಟ್ಟಿದೆ ಅಂತ ಬೈಯಬೇಡಿ. ಎರಡನೆಯದು, ಹೆಸರು ಎರಡಿದ್ದರೆ ವ್ಯಕ್ತಿಯೂ ಇಬ್ಬರು ಅಂತ ಅದು ತಾನಾಗಿ ಅಂದುಕೊಳ್ಳುವುದಿಲ್ಲ. "ಸಾವ್ಕಾರ್ರು" ಬೇರೆ, "ಲಾರಿ ಕಳಿಸುವವರು" ಬೇರೆ ಅಂತ ನೀವೇ ಹೇಳಬೇಕು. ನಮ್ಮ ಊರುಗಳಲ್ಲಿ ಇಬ್ಬರೂ ಒಬ್ಬರೇ ಆಗಿರುವುದು ಜಾಸ್ತಿ, ಆ ಮಟ್ಟಿಗೆ ಅದರ ಅನುಮಾನ ಸರಿಯೇ.

ಕಾಫಿ ರೇಟು ಮುಂದಿನ ವರ್ಷ ಎಷ್ಟಿರುತ್ತದೆ, ಮಳೆ ಯಾವಾಗ ಬರುತ್ತದೆ, ಇದೆಲ್ಲ ಈ ಹಾಳೆಯಲ್ಲಿ ಸಿಗುವುದಿಲ್ಲ. ಅವು ಬದಲಾದಾಗ ಪೆಟ್ಟು ಯಾವ ಬಾಣದ ಮೇಲೆ, ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು ಸಿಗುತ್ತದೆ. ಹಾಳೆ ಒಪ್ಪಿಗೆ ಆದ ಮೇಲೆ ಎಕ್ಸೆಲ್ ಮತ್ತೆ ತೆಗೆಯಿರಿ, ಈ ಸಲ ಒಂದೇ ಶೀಟ್. ಕೆಜಿ ಅಂತ ಬರೆಯುವ ಕಡೆಯೆಲ್ಲ ಚೆರ್ರಿಯೋ, ಬೀಜವೋ, ಪುಡಿಯೋ ಅಂತ ಪಕ್ಕದಲ್ಲಿ ಬರೆಯಿರಿ. ಕಣದ ವಿಷಯ ಮಾತ್ರ ಈಗಲೇ ಯಜಮಾನರ ಹತ್ತಿರ ತೀರ್ಮಾನ ಮಾಡಿಕೊಳ್ಳಿ, ಜನವರಿಗೆ ಮೊದಲ ಬುಕಿಂಗ್ ಹಿಡಿಯುವ ಮುಂಚೆ.